ಒಂದು ದಿನದ ಪಾತ್ರ, ಹತ್ತು ಪದದ ಸಾಲು: ಕೆನಡಾದ ನಟನಾ ವೃತ್ತಿ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಅಮೆರಿಕದ ಧಾರಾವಾಹಿಗಳನ್ನು ನೋಡ್ತಾ ಇದ್ದರೆ ಅದೇ ಮುಖ ಒಂದರಲ್ಲಿ ಡಾಕ್ಟರು, ಇನ್ನೊಂದರಲ್ಲಿ ಪೊಲೀಸು, ಮೂರನೆಯದರಲ್ಲಿ ಕೊಲೆಗಾರ. ಯಾರಪ್ಪಾ ಅಂತ ಹುಡುಕಿದರೆ ಕೆನಡಾದ ನಟ ಅಂತ ಬರುತ್ತೆ. ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ಇಂಥವರ ವೃತ್ತಿ ನಡೆಯೋದು ಹೇಗೆ?

ಉತ್ತರ: ನೀವು ಅಮೆರಿಕದ್ದು ಅಂದುಕೊಂಡ ಆ ಧಾರಾವಾಹಿಗಳಲ್ಲಿ ಎಷ್ಟೋ ವ್ಯಾಂಕೂವರ್‌ನಲ್ಲೋ ಟೊರೊಂಟೊದಲ್ಲೋ ಚಿತ್ರೀಕರಣವಾದವು. ಹಣ, ಕಥೆ ಮತ್ತು ಇಬ್ಬರು ಮೂವರು ಮುಖ್ಯ ನಟರು ಲಾಸ್ ಏಂಜಲೀಸ್‌ನಿಂದ ಬರುತ್ತಾರೆ. ಮಿಕ್ಕವರು ಸ್ಥಳೀಯರು. ಅಲ್ಲಿ ಇದಕ್ಕೆ ಸರ್ವಿಸ್ ಪ್ರೊಡಕ್ಷನ್ ಅನ್ನುತ್ತಾರೆ. ಒಂದು ಕಂತಿಗೆ ಒಬ್ಬ ನರ್ಸು, ಒಬ್ಬ ವಕೀಲ, ಒಬ್ಬ ಸಾಕ್ಷಿ ಬೇಕು ಅಂದಾಗ ಅವರನ್ನೆಲ್ಲ ವಿಮಾನ ಹತ್ತಿಸಿ ಕರೆಸಿದರೆ ಟಿಕೆಟ್ಟು, ಹೋಟೆಲು, ಭತ್ಯೆ ಸೇರಿ ಸಂಭಾವನೆಗಿಂತ ಖರ್ಚೇ ಜಾಸ್ತಿ. ಸಾಲದ್ದಕ್ಕೆ, ಕೆನಡಾದವರಿಗೆ ಕೊಟ್ಟ ಅರ್ಹ ಸಂಬಳದ ಮೇಲೆ ಕೇಂದ್ರ ಸರ್ಕಾರ 16% ತೆರಿಗೆ ರಿಯಾಯಿತಿ ಕೊಡುತ್ತದೆ. ಪ್ರಾಂತ್ಯ ಸರ್ಕಾರಗಳ ರಿಯಾಯಿತಿ ಬೇರೆ. ಹಾಗಾಗಿ ಸಣ್ಣ ಪಾತ್ರಗಳೆಲ್ಲ ಊರಿನವರ ಪಾಲಿಗೆ ಬರುತ್ತವೆ, ಊರಿನಲ್ಲಿರುವ ಪಳಗಿದ ನಟರೇ ಸರದಿಯ ಮೇಲೆ ಎಲ್ಲ ಧಾರಾವಾಹಿಗಳಲ್ಲೂ ಕಾಣಿಸಿಕೊಳ್ಳುತ್ತಾರೆ.

ಇದಕ್ಕೆ ವಿಲಿಯಂ ಬಿ. ಡೇವಿಸ್ ಒಳ್ಳೆಯ ಉದಾಹರಣೆ. 1938ರಲ್ಲಿ ಟೊರೊಂಟೊದಲ್ಲಿ ಹುಟ್ಟಿದವರು, ರಂಗ ನಿರ್ದೇಶಕರು, ವ್ಯಾಂಕೂವರ್‌ನಲ್ಲಿ ಸ್ವಂತ ನಟನಾ ಶಾಲೆ ನಡೆಸುತ್ತಿದ್ದ ಮೇಷ್ಟ್ರು. 1993ರಲ್ಲಿ 'ಎಕ್ಸ್-ಫೈಲ್ಸ್' ಧಾರಾವಾಹಿ ಅಲ್ಲಿ ಶುರುವಾದಾಗ ಮೊದಲ ಕಂತಿನಲ್ಲಿ ಅವರಿಗೆ ಒಂದೇ ಒಂದು ಮಾತೂ ಇರಲಿಲ್ಲ. ಕೋಣೆಯ ಮೂಲೆಯಲ್ಲಿ ಸಿಗರೇಟು ಸೇದುತ್ತಾ ನಿಲ್ಲಬೇಕಿತ್ತು, ಅಷ್ಟೆ. ಆ ನಿಂತ ಆಸಾಮಿಯೇ ಬರುಬರುತ್ತಾ ಕಥೆಯ ದೊಡ್ಡ ಖಳನಾದ. ಡೇವಿಸ್ ಸಿಗರೇಟು ಬಿಟ್ಟು ಆಗಲೇ ಬಹಳ ವರ್ಷವಾಗಿತ್ತು, ಹಾಗಾಗಿ ಮುಂದೆ ಗಿಡಮೂಲಿಕೆ ಸಿಗರೇಟಿನಲ್ಲೇ ಆ ಪಾತ್ರ ಸಾಗಿತು. ಇಂಥ ಅದೃಷ್ಟ ಎಲ್ಲರಿಗೂ ಬರುವುದಿಲ್ಲ ನಿಜ. ಆದರೆ ಬಂದಾಗ ಬರುವುದು ಈ ದಾರಿಯಲ್ಲೇ: ಒಂದು ದಿನದ ಪಾತ್ರ ಎರಡನೇ ದಿನಕ್ಕೆ ಕರೆ ತರುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಐದು ಸೀಸನ್ ಆದ ಮೇಲೆ, 1998ರಲ್ಲಿ, ಆ ಧಾರಾವಾಹಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. 2023ರಲ್ಲಿ ಅಮೆರಿಕದ ಬರಹಗಾರರೂ ನಟರೂ ಮುಷ್ಕರ ಹೂಡಿದಾಗ ಕೆನಡಾದ ನಟರ ಸಂಘ ಮುಷ್ಕರದಲ್ಲಿ ಇರಲೇ ಇಲ್ಲ, ಆದರೂ ವ್ಯಾಂಕೂವರ್‌ನ ಸ್ಟುಡಿಯೊಗಳು ತಿಂಗಳುಗಟ್ಟಲೆ ಭಣಗುಟ್ಟಿದವು. ಪಕ್ಕದ ಮನೆಯ ಒಲೆಯಲ್ಲಿ ಅಡುಗೆ ಮಾಡಿಕೊಳ್ಳುವವರ ಪಾಡು ಇದು.

ಪ್ರಶ್ನೆ: ಆಕ್ಟ್ರಾ ಸದಸ್ಯತ್ವ ಇಲ್ಲದೆ ಪಾತ್ರ ಸಿಗಲ್ಲ, ಪಾತ್ರ ಮಾಡದೆ ಸದಸ್ಯತ್ವ ಸಿಗಲ್ಲ ಅನ್ನುತ್ತಾರೆ. ಹಾಗಾದರೆ ಮೊದಲ ಹೆಜ್ಜೆ ಯಾವುದು?

ಉತ್ತರ: ಗಂಟು ನೀವು ತಿಳಿದಷ್ಟು ಬಿಗಿಯಾಗಿಲ್ಲ. ಆಕ್ಟ್ರಾ ಅಂದರೆ 1943ರಲ್ಲಿ ಬೇರುಬಿಟ್ಟ, ಇಂಗ್ಲಿಷ್‌ನಲ್ಲಿ ಕೆಲಸ ಮಾಡುವ ಕೆನಡಾ ಕಲಾವಿದರ ಸಂಘ. ಬ್ರಿಟಿಷ್ ಕೊಲಂಬಿಯಾದಲ್ಲಿ ಅದರ ಅಂಗವಾದ ಯುಬಿಸಿಪಿ ಇದೆ, ಅಲ್ಲಿನ ಒಪ್ಪಂದ ಬೇರೆ. ನಿರ್ಮಾಣ ಸಂಸ್ಥೆಗೆ ನೀವೇ ಬೇಕು ಅನಿಸಿದರೆ ಸದಸ್ಯರಲ್ಲದ ನಿಮಗೆ ಆ ಕೆಲಸದ ಮಟ್ಟಿಗೆ ಪರ್ಮಿಟ್ ತೆಗೆಸುತ್ತಾರೆ. ಆ ಪಾತ್ರ ಅರ್ಹ ಕ್ರೆಡಿಟ್ ಆದರೆ, ಅಂದರೆ ಸದಸ್ಯತ್ವದ ಲೆಕ್ಕಕ್ಕೆ ಬಂದರೆ, ಅಪ್ರೆಂಟಿಸ್ ಅನ್ನುವ ಮೊದಲ ಹಂತದ ಸದಸ್ಯತ್ವಕ್ಕೆ ದಾರಿಯಾಗುತ್ತದೆ. ಮುಂದೆ ಕ್ರೆಡಿಟ್ ಕೂಡಿದಂತೆ ಪೂರ್ಣ ಸದಸ್ಯತ್ವ.

ಇಲ್ಲಿ ಸಾಲಿನ ಲೆಕ್ಕ ಗೊತ್ತಿರಬೇಕು. ಆಕ್ಟ್ರಾದ ಸ್ವತಂತ್ರ ನಿರ್ಮಾಣಗಳ ಒಪ್ಪಂದದಲ್ಲಿ ಒಂದು ಸಾಲು ಅಂದರೆ ಹತ್ತು ಪದ ಅಥವಾ ಅದಕ್ಕೂ ಕಡಿಮೆ. ಐದು ಸಾಲಿನವರೆಗೆ ಮಾತಿದ್ದರೆ ನೀವು 'ಆಕ್ಟರ್', ಆರು ಅಥವಾ ಅದಕ್ಕೂ ಹೆಚ್ಚಿದ್ದರೆ 'ಪ್ರಿನ್ಸಿಪಲ್'. ಮಾತಿಲ್ಲದಿದ್ದರೂ ಕಥೆಗೆ ಬೇಕಾದ ಪಾತ್ರಕ್ಕೆ ಬೇರೆ ದರ್ಜೆ ಇದೆ. ಹಿಂದೆ ಸುಮ್ಮನೆ ನಡೆದಾಡುವವರು ಬ್ಯಾಕ್‌ಗ್ರೌಂಡ್. ದರ್ಜೆ ಬದಲಾದರೆ ದಿನದ ಸಂಭಾವನೆ ಬದಲಾಗುತ್ತದೆ. ಬ್ಯಾಕ್‌ಗ್ರೌಂಡ್ ಅಂತ ಹೋದವರಿಗೆ ನಿರ್ದೇಶಕರು ಸ್ಥಳದಲ್ಲೇ "ಆ ಕಡೆ ಹೋದರು ಸಾರ್ ಅಂತ ಹೇಳು" ಅಂದರೆ ಅದೂ ಸಾಲೇ, ದರ್ಜೆ ಏರಬೇಕು. ಆದರೆ ತಾನಾಗಿ ಏರುತ್ತದೆ ಎಂದು ಕೂತರೆ ಕೆಟ್ಟಿರಿ. ಸಂಜೆ ಆ ದಿನದ ಕೆಲಸ ಬರೆದ ಹಾಳೆಗೆ ಸಹಿ ಹಾಕುವ ಮೊದಲೇ ಸಹಾಯಕ ನಿರ್ದೇಶಕರಿಗೆ ಹೇಳಿ, ಬರೆಸಿಕೊಳ್ಳಿ. ಸಹಿ ಬಿದ್ದ ಮೇಲೆ ವಾದ ಕಷ್ಟ.

ಹೊಸಬರು ಎಡವುವುದು ಆತುರದಲ್ಲಿ. ಸದಸ್ಯರಾದ ಮೇಲೆ ಸಂಘದ ಒಪ್ಪಂದವಿಲ್ಲದ ಚಿತ್ರಗಳಲ್ಲಿ ಕೆಲಸ ಮಾಡುವಂತಿಲ್ಲ. ವಿದ್ಯಾರ್ಥಿಗಳ ಚಿತ್ರ, ಸಣ್ಣ ಜಾಹೀರಾತು, ಗೆಳೆಯರ ವೆಬ್ ಸರಣಿ ಮಾಡಿ ಕೈ ಪಳಗಿಸಿಕೊಳ್ಳುವ ಮುಂಚೆಯೇ ಪೂರ್ಣ ಸದಸ್ಯರಾದರೆ, ಮೂವತ್ತು ವರ್ಷದ ಅನುಭವಿಗಳ ಪಕ್ಕದಲ್ಲಿ ನಿಂತು ಅದೇ ಪಾತ್ರಕ್ಕೆ ಪೈಪೋಟಿ ಮಾಡಬೇಕಾಗುತ್ತದೆ. ತೋರಿಸಲು ಎರಡು ಮೂರು ಒಳ್ಳೆಯ ದೃಶ್ಯಗಳು ಕೈಯಲ್ಲಿದ್ದಾಗ ಹೆಜ್ಜೆ ಇಡುವುದು ವಾಸಿ.

ಪ್ರಶ್ನೆ: ಏಜೆಂಟರು ನೋಂದಣಿಗೆ, ಫೋಟೊಗೆ, ತರಬೇತಿಗೆ ಅಂತ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಬೇಡ. ನಿಮಗೆ ಕೆಲಸ ಸಿಕ್ಕಾಗ ಏಜೆಂಟರಿಗೆ ದುಡ್ಡು, ಮೊದಲಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಇಂಥ ಏಜೆನ್ಸಿಗೆ ಪ್ರಾಂತ್ಯದ ಪರವಾನಗಿ ಇರಲೇಬೇಕು, ಕಮಿಷನ್ 15% ದಾಟುವಂತಿಲ್ಲ. "ನಮ್ಮದೇ ಫೋಟೊಗ್ರಾಫರ್, ನಮ್ಮದೇ ತರಗತಿ" ಅಂದ ಕಡೆ ನಿಮ್ಮಿಂದಲೇ ಅವರ ಸಂಪಾದನೆ ಅಂತ ತಿಳಿಯಿರಿ.

ಪ್ರಶ್ನೆ: ಆಡಿಷನ್ ಎಲ್ಲವೂ ಈಗ ಮನೆಯಲ್ಲೇ ವಿಡಿಯೊ ಮಾಡಿ ಕಳಿಸುವುದಾಗಿದೆ. ಇಪ್ಪತ್ತು ಕಳಿಸಿದೆ, ಒಂದಕ್ಕೂ ಮರುಕರೆ ಇಲ್ಲ. ನಟನೆ ಸರಿಯಿಲ್ಲವೋ ವಿಡಿಯೊ ಸರಿಯಿಲ್ಲವೋ?

ಉತ್ತರ: ನಿಮ್ಮ ವಿಡಿಯೊ ನೋಡದೆ ನಟನೆಯ ಬಗ್ಗೆ ಹೇಳಲಾರೆವು. ಆದರೆ ನಟನೆ ಕಾಣಿಸುವ ಮೊದಲೇ ವಿಡಿಯೊ ಸೋಲುವುದು ತೀರಾ ಸಾಮಾನ್ಯ. ಅದನ್ನು ಮೊದಲು ಸರಿಮಾಡಿಕೊಳ್ಳಿ.

ಫೋನು ಅಡ್ಡ ಇರಲಿ, ಸ್ಟ್ಯಾಂಡಿನ ಮೇಲೆ, ಲೆನ್ಸ್ ನಿಮ್ಮ ಕಣ್ಣಿನ ಎತ್ತರಕ್ಕೆ. ಪುಸ್ತಕದ ಅಟ್ಟಿಯ ಮೇಲಿಟ್ಟರೆ ಲೆನ್ಸ್ ಕೆಳಗಿನಿಂದ ನೋಡುತ್ತದೆ, ಮೂಗಿನ ಹೊಳ್ಳೆಯೇ ನಾಯಕ. ಚೌಕಟ್ಟು ಎದೆಯ ಮಧ್ಯದಿಂದ ನೆತ್ತಿಯ ಸ್ವಲ್ಪ ಮೇಲಿನವರೆಗೆ. ಫೋನಿನಿಂದ ಒಂದೂವರೆಯಿಂದ ಎರಡು ಮೀಟರ್ ದೂರ ನಿಂತು ಬೇಕಾದಷ್ಟು ಜೂಮ್ ಮಾಡಿ. ತೀರಾ ಹತ್ತಿರ ನಿಂತರೆ ಮುಖ ಉಬ್ಬಿದಂತೆ ಕಾಣುತ್ತದೆ. ಹಿಂದೆ ಬೂದು ಅಥವಾ ಮಾಸಲು ನೀಲಿ ಬಟ್ಟೆ, ಸುಕ್ಕಿಲ್ಲದಂತೆ. ಗೋಡೆಯಿಂದ ಒಂದು ಮೀಟರಾದರೂ ಮುಂದೆ ಬನ್ನಿ, ಇಲ್ಲದಿದ್ದರೆ ನಿಮ್ಮ ನೆರಳು ಭುಜದ ಹಿಂದೆ ಎರಡನೇ ಪಾತ್ರದಂತೆ ನಿಂತಿರುತ್ತದೆ. ಎರಡು ದೀಪ, ಎಡಬಲದಿಂದ 45 ಡಿಗ್ರಿ ಕೋನದಲ್ಲಿ, ಕಣ್ಣಿಗಿಂತ ತುಸು ಮೇಲೆ. ಒಂದೇ ದೀಪವಿದ್ದರೆ ಇನ್ನೊಂದು ಕಡೆ ಬಿಳಿ ರಟ್ಟು ಹಿಡಿಸಿದರೂ ಸಾಕು. ನಮ್ಮ ಮೈಬಣ್ಣದವರಿಗೆ ಒಂದು ಮಾತು: ಹಿನ್ನೆಲೆ ಅಚ್ಚಬಿಳಿ ಆದರೆ ಫೋನು ಅದನ್ನು ನೋಡಿ ಬೆಳಕು ತಗ್ಗಿಸಿಬಿಡುತ್ತದೆ, ಮುಖ ಕಪ್ಪಿಡುತ್ತದೆ. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು ಬೆಳಕನ್ನೂ ಫೋಕಸ್ಸನ್ನೂ ಲಾಕ್ ಮಾಡಿ, ಆಮೇಲೆ ಶುರು ಮಾಡಿ. ಲಾಕ್ ಮಾಡದಿದ್ದರೆ ನೀವು ತಲೆ ಅಲ್ಲಾಡಿಸಿದಾಗಲೆಲ್ಲ ಚಿತ್ರ ಮಂಕಾಗಿ ಮತ್ತೆ ಬೆಳಗುತ್ತದೆ.

ಕಣ್ಣಿನ ದಿಕ್ಕಿನದು ದೊಡ್ಡ ರಗಳೆ. ಎದುರು ಪಾತ್ರದ ಮಾತು ಓದುವವರು ಲೆನ್ಸಿಗೆ ಅಂಟಿಕೊಂಡಂತೆ, ಅದರ ಪಕ್ಕದಲ್ಲೇ, ನಿಮ್ಮ ಕಣ್ಣಿನ ಎತ್ತರದಲ್ಲಿ ನಿಲ್ಲಬೇಕು. ಎರಡು ಮೂರು ಅಡಿ ಆಚೆ ಕುರ್ಚಿ ಹಾಕಿಕೊಂಡು ಕೂತರೆ ನಿಮ್ಮ ಒಂದೇ ಕಣ್ಣು ಕಾಣಿಸುತ್ತದೆ. ಲೆನ್ಸನ್ನೇ ನೇರ ನೋಡಬೇಡಿ, ಹಾಗೆ ಮಾಡಿ ಅಂತ ಸೂಚನೆಯಲ್ಲಿದ್ದರೆ ಮಾತ್ರ. ದೃಶ್ಯದಲ್ಲಿ ಇಬ್ಬರೊಂದಿಗೆ ಮಾತಿದ್ದರೆ ಒಬ್ಬರನ್ನು ಲೆನ್ಸಿನ ಎಡಕ್ಕೆ, ಇನ್ನೊಬ್ಬರನ್ನು ಬಲಕ್ಕೆ ಊಹಿಸಿಕೊಳ್ಳಿ. ಓದುವವರು ನಟಿಸಬೇಕಿಲ್ಲ, ನಿಮಗಿಂತ ಮೆಲ್ಲಗೆ ಓದಿದರೆ ಸಾಕು. ಫೋನಿನ ಪಕ್ಕದಲ್ಲೇ ಇರುವ ಅವರ ಗಂಟಲು ನಿಮ್ಮದನ್ನು ನುಂಗಿಹಾಕುತ್ತದೆ. ಅದಕ್ಕೇ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ಕೊಳ್ಳಿ. ದೀಪಕ್ಕಿಂತ ಮೊದಲು ಅದನ್ನು ಕೊಳ್ಳಿ. ಚಿತ್ರ ಸುಮಾರಾದರೂ ನೋಡುತ್ತಾರೆ, ಮಾತು ಕೇಳದಿದ್ದರೆ ಮುಂದಿನದಕ್ಕೆ ಹೋಗುತ್ತಾರೆ. ಖಾಲಿ ಕೋಣೆಯಲ್ಲಿ ದನಿ ಗುಂಯ್ ಅನ್ನುತ್ತಿದ್ದರೆ ಕ್ಯಾಮೆರಾ ಹಿಂದೆ ಎರಡು ಕಂಬಳಿ ತೂಗುಹಾಕಿ.

ಹೆಸರು, ಎತ್ತರ, ಇರುವ ಊರು, ಏಜೆನ್ಸಿ ಹೇಳುವ 'ಸ್ಲೇಟ್' ಭಾಗ ಎಲ್ಲಿ ಬರಬೇಕು, ಫೈಲಿಗೆ ಏನು ಹೆಸರು, ಎಷ್ಟು ಟೇಕ್ ಎಂಬುದು ಆಡಿಷನ್ ಪತ್ರದಲ್ಲೇ ಇರುತ್ತದೆ. ಅದನ್ನು ಮೀರಬೇಡಿ. ಎರಡು ಟೇಕ್ ಕೇಳಿದ್ದರೆ ಎರಡೂ ಬೇರೆ ಬೇರೆಯಾಗಿರಲಿ. ಒಂದೇ ಥರದ್ದನ್ನು ಎರಡು ಸಲ ಕಳಿಸಿದರೆ ನಿಮಗೆ ಒಂದೇ ಬರುತ್ತದೆ ಅಂತ ಅವರಿಗೆ ಗೊತ್ತಾಗುತ್ತದೆ. ಮಾತು ಬಾಯಿಪಾಠ ಇರಲಿ. ಕಾಗದವನ್ನು ಲೆನ್ಸಿನ ಕೆಳಗೆ ಅಂಟಿಸಿದರೆ ಓದುತ್ತಿರುವುದು ಕಣ್ಣಿನ ಓಡಾಟದಲ್ಲೇ ಸಿಕ್ಕಿಬೀಳುತ್ತದೆ.

ಇಪ್ಪತ್ತಕ್ಕೆ ಒಂದೂ ಬರಲಿಲ್ಲ ಅಂತ ಕೈಚೆಲ್ಲಬೇಡಿ. ಮಿಸಿಸಾಗಾದ ಮೈತ್ರೇಯಿ ರಾಮಕೃಷ್ಣನ್ 17ರ ವಯಸ್ಸಿನಲ್ಲಿ, ಶಾಲಾ ನಾಟಕ ಬಿಟ್ಟರೆ ಬೇರೆ ಅನುಭವವಿಲ್ಲದೆ, ಊರಿನ ಗ್ರಂಥಾಲಯದಲ್ಲಿ ಕೂತು ವಿಡಿಯೊ ಮಾಡಿ ಕಳಿಸಿದ್ದರು. ಆ ಬಹಿರಂಗ ಆಯ್ಕೆಗೆ ಬಂದಿದ್ದ ಸುಮಾರು 15,000 ಅರ್ಜಿಗಳಲ್ಲಿ ಅವರದೇ ನಿಂತಿತು. 'ನೆವರ್ ಹ್ಯಾವ್ ಐ ಎವರ್' ಎಂಬ ಆ ಧಾರಾವಾಹಿ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು.

ಪ್ರಶ್ನೆ: "ನಿಮ್ಮ ಇಂಗ್ಲಿಷ್‌ನಲ್ಲಿ ಕೆನಡಾ ಛಾಯೆ ಇದೆ" ಅಂದರಂತೆ ಕ್ಯಾಸ್ಟಿಂಗ್‌ನವರು ನನ್ನ ಮಗಳಿಗೆ. ಅಮೆರಿಕಕ್ಕೂ ಕೆನಡಾಕ್ಕೂ ಅಂಥ ವ್ಯತ್ಯಾಸ ಏನಿದೆ?

ಉತ್ತರ: ನಾಲ್ಕಾರು ಪದಗಳಲ್ಲಿ ಅಡಗಿದೆ. ಅಮೆರಿಕದಲ್ಲಿ ನಡೆಯುವ ಕಥೆ ಆದ್ದರಿಂದ ಆ ನಾಲ್ಕಾರು ಪದ ಕಿವಿಗೆ ಚುಚ್ಚುತ್ತವೆ. 'ಅಬೌಟ್', 'ಔಟ್', 'ಹೌಸ್' ತೆಗೆದುಕೊಳ್ಳಿ. ಅಮೆರಿಕದವರು ಬಾಯಿ ದೊಡ್ಡದು ಮಾಡಿ 'ಆ' ಇಂದ ಹೊರಟು 'ಉ'ಗೆ ಬರುತ್ತಾರೆ: 'ಆವ್ಟ್'. ಕೆನಡಾದವರು ಬಾಯಿ ಅರ್ಧವೇ ತೆರೆದು 'ಅ' ಇಂದ ಹೊರಡುತ್ತಾರೆ: 'ಅವ್ಟ್'. ನಾವು 'ಔಷಧ' ಅನ್ನುವಾಗಿನ 'ಔ' ಇದೆಯಲ್ಲ, ಹೆಚ್ಚುಕಡಿಮೆ ಅದೇ. ಆದರೆ ಟ್, ಸ್, ಥ್ ತರಹದ ಉಸಿರಿನ ಸದ್ದು ಮುಂದೆ ಬಂದಾಗ ಮಾತ್ರ ಅವರು ಹೀಗೆ ಮಾಡುವುದು. 'ಲೌಡ್', 'ಡೌನ್', 'ಕೌ' ಅನ್ನುವಾಗ ಅವರೂ 'ಆ'ಗೇ ಹೋಗುತ್ತಾರೆ.

ಹಾಗಾಗಿ ಅಭ್ಯಾಸ ಸುಲಭ. ಮೊದಲು 'ಲೌಡ್' ಅನ್ನಿಸಿ, ಬಾಯಿಯ ಆಕಾರ ಕನ್ನಡಿಯಲ್ಲಿ ನೋಡಿಕೊಳ್ಳಲಿ. ಅದೇ ಆಕಾರದಲ್ಲಿ ಕೊನೆಯ 'ಡ್' ಬದಲು 'ಟ್' ಹಾಕಿಸಿ. ಆಮೇಲೆ 'ಅಬೌಟ್', 'ಔಟ್', 'ಹೌಸ್'. ಇನ್ನು ಬಿಡಿ ಪದಗಳು: ಕ್ಷಮೆ ಕೇಳುವಾಗ ಕೆನಡಾದಲ್ಲಿ 'ಸೋರಿ', ಅಮೆರಿಕದಲ್ಲಿ 'ಸಾರಿ'. 'ಬೀನ್' ಅಲ್ಲಿ 'ಬಿನ್' ಆಗುತ್ತದೆ, 'ಪ್ರೋಸೆಸ್' 'ಪ್ರಾಸೆಸ್' ಆಗುತ್ತದೆ, 'ಪ್ಯಾಸ್ಟಾ' 'ಪಾಸ್ಟಾ' ಆಗುತ್ತದೆ. ಸಂಭಾಷಣೆಯ ಹಾಳೆ ಕೈಗೆ ಬಂದ ತಕ್ಷಣ ಈ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿಟ್ಟುಕೊಳ್ಳಲಿ. 'ಸಾರಿ' ಎಂಬ ಪದ ಬರದ ಆಸ್ಪತ್ರೆ ದೃಶ್ಯವನ್ನು ನಾವಂತೂ ಕಂಡಿಲ್ಲ.

ಪ್ರಶ್ನೆ: ಮುಂದಿನ ವಾರ ಒಂದು ದಿನದ ಪಾತ್ರ, ನಾಲ್ಕು ಸಾಲು. ಸೆಟ್ಟಿನ ಮೇಲೆ ಎಡವಟ್ಟಾಗದಂತೆ ಏನು ಮಾಡಲಿ?

ಉತ್ತರ: ಹಿಂದಿನ ರಾತ್ರಿ ಕಾಲ್ ಶೀಟ್ ಬರುತ್ತದೆ, ತಡವಾಗಿಯೇ ಬರುತ್ತದೆ. ಅದರಲ್ಲಿ ನಿಮ್ಮ ಪಾತ್ರಕ್ಕೆ ಒಂದು ಸಂಖ್ಯೆ, ಬರಬೇಕಾದ ಹೊತ್ತು, ಮತ್ತು 'ಸರ್ಕಸ್' ಎಲ್ಲಿದೆ ಅಂತ ಇರುತ್ತದೆ. ಗಾಬರಿಬೇಡ: ಕೆನಡಾದಲ್ಲಿ ಟ್ರೇಲರು, ಮೇಕಪ್ ವಾಹನ, ಊಟದ ಲಾರಿ ನಿಂತಿರುವ ಜಾಗಕ್ಕೆ ಸರ್ಕಸ್ ಅಂತಲೇ ಹೆಸರು. ಮೊದಲು ಅಲ್ಲಿಗೆ ಹೋಗಬೇಕು, ಸೆಟ್ಟಿಗಲ್ಲ. ಸಹಾಯಕ ನಿರ್ದೇಶಕರ ತಂಡದವರಿಗೆ ಬಂದೆ ಅಂತ ಹೇಳಿ, ಬಟ್ಟೆ, ಮೇಕಪ್ ಮುಗಿಸಿ, ಕರೆಯುವ ತನಕ ಕಾಯಿರಿ. ಕಾಯುವುದು ಐದು ಗಂಟೆಯೂ ಆಗಬಹುದು. ಎಲ್ಲಾದರೂ ಹೋಗಬೇಕಾದರೆ, ಶೌಚಾಲಯಕ್ಕಾದರೂ, ಹೇಳಿ ಹೋಗಿ.

ಮೊದಲು ಬ್ಲಾಕಿಂಗ್: ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಾಗುತ್ತದೆ, ನೆಲದ ಮೇಲೆ ನಿಮ್ಮ ಬಣ್ಣದ ಟೇಪು ಅಂಟಿಸುತ್ತಾರೆ. ಟೇಪನ್ನು ನೋಡದೆ ಅದರ ಮೇಲೆ ನಿಲ್ಲುವುದಕ್ಕೆ ಒಂದು ಉಪಾಯವಿದೆ. ಟೇಪಿನ ಮೇಲೆ ನಿಂತು, ಹಿಂದಕ್ಕೆ ಹೆಜ್ಜೆ ಎಣಿಸುತ್ತಾ ಬಾಗಿಲಿಗೆ ಹೋಗಿ. ಬರುವಾಗ ಅಷ್ಟೇ ಹೆಜ್ಜೆ ಹಾಕಿ. ದೀಪ ಹೊಂದಿಸುವಾಗ ನಿಮ್ಮ ಬದಲು ಸ್ಟ್ಯಾಂಡ್-ಇನ್ ನಿಲ್ಲುತ್ತಾರೆ. "ಫಸ್ಟ್ ಟೀಮ್" ಅಂತ ಕೂಗಿದರೆ ಅದು ನಿಮ್ಮನ್ನೇ.

ನಾಲ್ಕು ಸಾಲನ್ನು ನೀವು ಒಂದು ಸಲ ಹೇಳುವುದಿಲ್ಲ. ಮೊದಲು ಇಡೀ ದೃಶ್ಯವನ್ನು ಒಟ್ಟಿಗೆ ತೆಗೆಯುವ ಮಾಸ್ಟರ್, ಆಮೇಲೆ ಮುಖ್ಯ ನಟರ ಕಡೆಯಿಂದ, ಕೊನೆಗೆ ಬೆಳಕು ಹೋಗುವ ಹೊತ್ತಿಗೆ ನಿಮ್ಮ ಕಡೆಗೆ ಕ್ಯಾಮೆರಾ. ಪ್ರತಿ ಸಲವೂ ಕಾಫಿ ಲೋಟವನ್ನು ಅದೇ ಕೈಯಿಂದ ಅದೇ ಪದಕ್ಕೆ ಎತ್ತಬೇಕು. "ನಿನ್ನೆ ರಾತ್ರಿ ಅವಳು ಬಂದಿದ್ದಳು" ಎಂಬ ಮಾತಿನಲ್ಲಿ 'ಅವಳು' ಅನ್ನುವಾಗ ಮಾಸ್ಟರ್‌ನಲ್ಲಿ ಎತ್ತಿ, ಕ್ಲೋಸಪ್‌ನಲ್ಲಿ 'ನಿನ್ನೆ' ಅನ್ನುವಾಗಲೇ ಎತ್ತಿದರೆ ಎರಡು ಚಿತ್ರ ಕೂಡುವುದಿಲ್ಲ. ಎಡಿಟರು ತಲೆ ಕೆಡಿಸಿಕೊಳ್ಳದೆ ನಿಮ್ಮ ಚಿತ್ರ ಬಿಟ್ಟು ನಾಯಕಿಯ ಮುಖ ಇಟ್ಟುಬಿಡುತ್ತಾರೆ, ನಿಮ್ಮ ಸಾಲು ಅವಳ ಮುಖದ ಮೇಲೆ ಕೇಳಿಸುತ್ತದೆ. ಆದ್ದರಿಂದ ಮೊದಲ ದಿನ ಲೋಟ ಮುಟ್ಟಲೇಬೇಡಿ ಅನ್ನುವುದು ನಮ್ಮ ಸಲಹೆ. ಹಾಗೆಯೇ ಕ್ಲೋಸಪ್‌ನಲ್ಲಿ ಇನ್ನೊಬ್ಬರ ಮಾತಿನ ಬಾಲ ತುಳಿಯಬೇಡಿ; ಎರಡು ದನಿ ಒಂದರ ಮೇಲೊಂದು ಬಿದ್ದರೆ ಕತ್ತರಿಸಲು ಜಾಗವಿರುವುದಿಲ್ಲ.

ದಿನದ ಸಂಭಾವನೆ ಎಂಟು ಗಂಟೆಗೆ, ಅದರಾಚೆ ಓವರ್‌ಟೈಮ್. ಆರು ಗಂಟೆಯೊಳಗೆ ಊಟದ ಬಿಡುವು ಸಿಗಬೇಕು. ಬಂದ ಹೊತ್ತು, ಊಟಕ್ಕೆ ಬಿಟ್ಟ ಹೊತ್ತು, ಮುಗಿದ ಹೊತ್ತನ್ನು ನಿಮ್ಮ ಫೋನಿನಲ್ಲೂ ಬರೆದಿಟ್ಟುಕೊಂಡು, ಹಾಳೆಯ ಜೊತೆ ತಾಳೆ ನೋಡಿ ಸಹಿ ಹಾಕಿ.

ಪ್ರಶ್ನೆ: ಕೆನಡಾದ್ದೇ ಚಿತ್ರ ಅನ್ನುತ್ತಾರೆ, ನಾಯಕ ನೋಡಿದರೆ ಅಮೆರಿಕದವನು. ಇದಕ್ಕೆ ಹೇಳುವವರು ಕೇಳುವವರು ಇಲ್ಲವೇ?

ಉತ್ತರ: ಇದ್ದಾರೆ, ಅಂಕವೂ ಹಾಕುತ್ತಾರೆ. ಕಾವ್ಕೊ ಎಂಬ ಕೇಂದ್ರ ಸರ್ಕಾರದ ಕಚೇರಿ ಚಿತ್ರ ಕೆನಡಾದ್ದೇ ಎಂದು ಪ್ರಮಾಣೀಕರಿಸುತ್ತದೆ. ಕೆನಡಾದವರಾದರೆ ನಿರ್ದೇಶಕರಿಗೆ 2 ಅಂಕ, ಚಿತ್ರಕಥೆಗಾರರಿಗೆ 2. ಅತಿ ಹೆಚ್ಚು ಸಂಭಾವನೆಯ ಮುಖ್ಯ ಕಲಾವಿದರಿಗೆ 1, ಎರಡನೆಯವರಿಗೆ 1. ಛಾಯಾಗ್ರಾಹಕ, ಕಲಾ ನಿರ್ದೇಶಕ, ಸಂಗೀತ ಸಂಯೋಜಕ, ಸಂಕಲನಕಾರರಿಗೆ ತಲಾ 1. ಒಟ್ಟು 10ರಲ್ಲಿ 6 ಬರಬೇಕು. ಜೊತೆಗೆ ಎರಡು ಕಡ್ಡಾಯ: ನಿರ್ದೇಶಕರು ಇಲ್ಲವೇ ಚಿತ್ರಕಥೆಗಾರರು ಕೆನಡಾದವರಿರಬೇಕು, ಮೊದಲ ಇಬ್ಬರು ಕಲಾವಿದರಲ್ಲಿ ಒಬ್ಬರಾದರೂ ಕೆನಡಾದವರಿರಬೇಕು. ನಿರ್ಮಾಪಕರು ಹೇಗೂ ಕೆನಡಾದವರೇ ಆಗಬೇಕು. ಗೆದ್ದರೆ ಅರ್ಹ ಸಂಬಳದ 25% ತೆರಿಗೆ ರಿಯಾಯಿತಿ.

ಲೆಕ್ಕ ಹಾಕಿ ನೋಡಿ. ಚಿತ್ರಕಥೆಗಾರ ಅಮೆರಿಕದವನು, ನಾಯಕ ಅಮೆರಿಕದವನು, ಉಳಿದವರೆಲ್ಲ ಕೆನಡಾದವರು: 10ರಲ್ಲಿ 3 ಹೋಯಿತು, 7 ಉಳಿಯಿತು, ಪಾಸು. ಆದರೆ ಇಬ್ಬರೂ ಮುಖ್ಯ ಕಲಾವಿದರು ಹೊರಗಿನವರಾಗಿ ಮಿಕ್ಕವರೆಲ್ಲ ಕೆನಡಾದವರಾದರೆ 8 ಅಂಕ ಬಂದೂ ಫೇಲು. ಇದರಿಂದಲೇ ಕೆನಡಾದ ನಟರ ಮಧ್ಯಮ ವರ್ಗ ಬದುಕಿರುವುದು. ಪೋಸ್ಟರಿನಲ್ಲಿ ಹಾಲಿವುಡ್ ಮುಖ, ಅದರ ಪಕ್ಕದ ಹೆಂಡತಿಯ ಅಥವಾ ಪತ್ತೇದಾರನ ಪಾತ್ರಕ್ಕೆ ಕೆನಡಾದ ನಟ ಬೇಕೇ ಬೇಕು. ಆ ಎರಡನೇ ಕುರ್ಚಿಗಾಗಿ ನಡೆಯುವ ಪೈಪೋಟಿ ಮೊದಲ ಕುರ್ಚಿಯದಕ್ಕಿಂತ ಜೋರು. ಪೌರತ್ವ ಆಗದಿದ್ದರೂ ಕಾಯಂ ನಿವಾಸಿಯಾಗಿದ್ದರೆ ಅಂಕ ಸಿಗುತ್ತದೆ ಎಂಬುದು ವಲಸೆ ಬಂದ ನಮ್ಮವರು ನೆನಪಿಡಬೇಕಾದ ವಿಷಯ.

ಪ್ರಶ್ನೆ: ಮಗ ನಟನಾಗಿ ವರ್ಷಕ್ಕೆ ಇಪ್ಪತ್ತು ದಿನ ಕೆಲಸ ಮಾಡುತ್ತಾನೆ. ತೆರಿಗೆ, ಉಳಿತಾಯ ಎಲ್ಲ ಗೋಜಲು. ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಕೆನಡಾದಲ್ಲಿ ನಟರನ್ನು ಸಾಮಾನ್ಯವಾಗಿ ಸ್ವಂತ ಉದ್ಯೋಗದವರು ಅಂತ ಎಣಿಸುತ್ತಾರೆ. ಸಂಬಳದಲ್ಲಿ ತೆರಿಗೆ ಮುರಿದುಕೊಂಡು ಕೊಡುವುದಿಲ್ಲ, ಪೂರ್ತಿ ಕೈಗೆ ಬರುತ್ತದೆ, ಪೂರ್ತಿ ಖರ್ಚಾಗುತ್ತದೆ, ಏಪ್ರಿಲ್‌ನಲ್ಲಿ ಅಳು. ಲೆಕ್ಕಪತ್ರ ಸಲ್ಲಿಸಲು ಜೂನ್ 15ರವರೆಗೆ ಸಮಯ, ಆದರೆ ಹಣ ಏಪ್ರಿಲ್ 30ಕ್ಕೇ ಕಟ್ಟಬೇಕು; ಇದರಲ್ಲೇ ಬಹಳ ಜನ ಮೋಸಹೋಗಿ ಬಡ್ಡಿ ತೆರುತ್ತಾರೆ. ಪಿಂಚಣಿ ನಿಧಿಗೆ ನೌಕರನ ಪಾಲೂ ಮಾಲೀಕನ ಪಾಲೂ ಎರಡೂ ಅವನೇ ಕಟ್ಟಬೇಕು. ಹಾಗಾಗಿ ಪ್ರತಿ ಚೆಕ್ ಬಂದಾಗ ಕಾಲು ಭಾಗವನ್ನು ಬೇರೆ ಖಾತೆಗೆ ಹಾಕಿ ಮರೆತುಬಿಡಲಿ.

ನಾಲ್ಕು ತ್ರೈಮಾಸಿಕದಲ್ಲಿ ಒಟ್ಟು 30,000 ಡಾಲರ್ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸಂಘದ ಚಂದಾ, ಏಜೆಂಟರ ಕಮಿಷನ್, ಫೋಟೊ, ತರಗತಿ, ಆಡಿಷನ್ ಓಡಾಟ ಖರ್ಚಿನ ಲೆಕ್ಕಕ್ಕೆ ಬರುತ್ತವೆ; ರಸೀದಿ ಇಟ್ಟುಕೊಳ್ಳಲಿ. ಎಲ್ಲೆಂದರಲ್ಲಿ ಹಾಕಿಕೊಳ್ಳಬಹುದಾದ ಅಂಗಿ ಬರುವುದಿಲ್ಲ.

ಚೆಕ್ಕಿನಲ್ಲಿ ದಿನದ ಸಂಭಾವನೆಯ ಜೊತೆ ಅದರ ಶೇಕಡಾವಾರು ಇನ್ನೊಂದು ಮೊತ್ತ ಕಾಣಬಹುದು. ಅದು ಬಳಕೆಯ ಶುಲ್ಕ: ಇಂತಿಷ್ಟು ವರ್ಷ ಚಿತ್ರವನ್ನು ಪ್ರಸಾರ ಮಾಡಲು ಮುಂಗಡವಾಗಿ ಕೊಟ್ಟದ್ದು. ಆ ವರ್ಷಗಳು ಕಳೆದ ಮೇಲೂ ವಿತರಕರಿಗೆ ಗಳಿಕೆಯಿದ್ದರೆ ನಟರಿಗೆ ಪಾಲು ಬರಬೇಕು. ವಿಳಾಸ ಬದಲಾದಾಗಲೆಲ್ಲ ಸಂಘಕ್ಕೆ ತಿಳಿಸಲಿ, ಹತ್ತು ವರ್ಷದ ಹಿಂದಿನ ಧಾರಾವಾಹಿಯ ದುಡ್ಡು ಹಳೇ ಮನೆ ಬಾಗಿಲು ತಟ್ಟುವುದು ಬೇಡ. ಸದಸ್ಯನಾಗಿದ್ದರೆ ಎಎಫ್‌ಬಿಎಸ್ ಎಂಬ ಕಲಾವಿದರ ಸಂಸ್ಥೆಯಲ್ಲಿ ವಿಮೆ, ನಿವೃತ್ತಿ ನಿಧಿ ಎರಡೂ ಇವೆ. ನಿರ್ಮಾಪಕರೂ ಅದಕ್ಕೆ ವಂತಿಗೆ ಕಟ್ಟುತ್ತಾರೆ.

ಪ್ರಶ್ನೆ: ದೊಡ್ಡ ನಟ ಆಗಬೇಕಾದರೆ ಲಾಸ್ ಏಂಜಲೀಸ್‌ಗೆ ಹೋಗಲೇಬೇಕೇ?

ಉತ್ತರ: ಹಿಂದೆ ಹೌದು. ಲೋರ್ನ್ ಗ್ರೀನ್, ವಿಲಿಯಂ ಶಾಟ್ನರ್, ಡೊನಾಲ್ಡ್ ಸದರ್ಲೆಂಡ್ ಎಲ್ಲರೂ ಊರು ಬಿಟ್ಟವರೇ. ಮಾಂಟ್ರಿಯಲ್‌ನ ರಾಷ್ಟ್ರೀಯ ರಂಗಶಾಲೆಯಲ್ಲಿ ಕಲಿತ ಸಾಂಡ್ರಾ ಓ ಕೂಡ ಕೆನಡಾದಲ್ಲಿ ಅತ್ಯುತ್ತಮ ನಟಿ ಜೀನಿ ಪ್ರಶಸ್ತಿ ಪಡೆದ ಮೇಲೆ ಹೊರಟರು. ಆದರೆ ರೆಜೈನಾದ ಟಟಿಯಾನಾ ಮಸ್ಲಾನಿ 2016ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಗೆದ್ದದ್ದು ಟೊರೊಂಟೊದಲ್ಲಿ ತಯಾರಾದ ಧಾರಾವಾಹಿಗೆ. 2020ರಲ್ಲಿ ಹಾಸ್ಯ ವಿಭಾಗದ ನಟನೆಯ ನಾಲ್ಕೂ ಎಮ್ಮಿಗಳನ್ನು ಒಂದೇ ಕೆನಡಿಯನ್ ಧಾರಾವಾಹಿ ಬಾಚಿಕೊಂಡಿತು.

ಹೋಗುವುದಾದರೆ ಕಾಗದಪತ್ರ ಮೊದಲು. ಕೆನಡಾದ ವೃತ್ತಿಪರರು ಅಮೆರಿಕದಲ್ಲಿ ಕೆಲಸ ಮಾಡಲು ಸುಲಭವಾಗಿ ಬಳಸುವ ಟಿಎನ್ ಅನುಮತಿಯ ಪಟ್ಟಿಯಲ್ಲಿ ನಟನ ಕೆಲಸ ಇಲ್ಲ. ಸಾಮಾನ್ಯ ದಾರಿ ಓ-1, ಅಂದರೆ ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿದವರಿಗೆ ಅಮೆರಿಕ ಕೊಡುವ ಕೆಲಸದ ಅನುಮತಿ. ಅಮೆರಿಕದ ಉದ್ಯೋಗದಾತರೋ ಏಜೆಂಟರೋ ಅರ್ಜಿ ಹಾಕಬೇಕು, ನಟರ ಸಂಘ ಮತ್ತು ನಿರ್ಮಾಪಕರ ಸಂಸ್ಥೆ ಎರಡರಿಂದಲೂ ಅಭಿಪ್ರಾಯ ಪತ್ರ ಬೇಕು, ಮೊದಲ ಸಲ ಗರಿಷ್ಠ 3 ವರ್ಷ. ಕೆನಡಾದ ಪೌರರಿಗೆ ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆ ಬೇಡ, ಮಂಜೂರಾತಿ ಪತ್ರವನ್ನು ಗಡಿಯಲ್ಲಿ ತೋರಿಸಬೇಕು. ಅರ್ಜಿ ಬೀಳುವುದು ಸಾಕ್ಷಿ ಸಾಲದೆ. ಐದು ವರ್ಷದ ಹಿಂದಿನ ಪತ್ರಿಕಾ ವಿಮರ್ಶೆ, ಕರಾರು, ನಾಮನಿರ್ದೇಶನದ ಪತ್ರ ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಮೊದಲ ಪಾತ್ರದಿಂದಲೇ ಒಂದು ಫೈಲು ಇಡಿ. ಬ್ಯಾಕ್‌ಗ್ರೌಂಡ್ ಕೆಲಸವನ್ನು ಪಾತ್ರ ಅಂತ ಆನ್‌ಲೈನ್ ಪಟ್ಟಿಯಲ್ಲಿ ಹಾಕಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಕ್ವಿಬೆಕ್‌ನ ನಟರು ಈ ಲೆಕ್ಕದಲ್ಲಿ ಬರುವುದಿಲ್ಲವೇ?

ಉತ್ತರ: ಫ್ರೆಂಚ್‌ನಲ್ಲಿ ನಟಿಸುವವರದು ಬೇರೆಯೇ ಲೋಕ. ಅವರ ಸಂಘ ಯುಡಿಎ, 1937ರದ್ದು. ಅಲ್ಲಿ ಸ್ವಂತ ತಾರೆಯರಿದ್ದಾರೆ, ಬೀದಿಯಲ್ಲಿ ಜನ ಗುರುತು ಹಿಡಿಯುತ್ತಾರೆ. ಟೊರೊಂಟೊದ ನಟರಿಗೆ ಹೊಟ್ಟೆಕಿಚ್ಚಿರುವುದು ಹಾಲಿವುಡ್‌ನವರ ಮೇಲಲ್ಲ, ಮಾಂಟ್ರಿಯಲ್‌ನವರ ಮೇಲೆ.

ಪ್ರಶ್ನೆ: ನನಗೀಗ 57. ಸರ್ರೆಯಲ್ಲಿದ್ದೇನೆ, ಬ್ಯಾಂಕ್ ಕೆಲಸ ಸಾಕಾಗಿದೆ. ಕಾಲೇಜಿನಲ್ಲಿ ನಾಟಕ ಮಾಡಿದ್ದೆ. ಈಗ ಶುರು ಮಾಡಿದರೆ ನಗುತ್ತಾರಾ?

ಉತ್ತರ: ರೆಜೈನಾದಲ್ಲಿ ಹುಟ್ಟಿದ ಲೆಸ್ಲಿ ನೀಲ್ಸನ್ ಮೂವತ್ತು ವರ್ಷ ಗಂಭೀರ ಪಾತ್ರ ಮಾಡಿ, 54ರಲ್ಲಿ ಹಾಸ್ಯಕ್ಕೆ ತಿರುಗಿ ಜಗತ್ತಿಗೆ ಗೊತ್ತಾದರು. ಕ್ರಿಸ್ಟೊಫರ್ ಪ್ಲಮ್ಮರ್‌ಗೆ ಆಸ್ಕರ್ ಬಂದಾಗ 82. ಇಬ್ಬರೂ ಆಗಲೇ ವೃತ್ತಿಯಲ್ಲಿದ್ದವರು, ನೀವು ಹೊಸಬರು, ಆ ವ್ಯತ್ಯಾಸ ಇದೆ. ಆದರೂ ನಿಮ್ಮ ವಯಸ್ಸಿನಲ್ಲಿ ಪೈಪೋಟಿ ಇಪ್ಪತ್ತರ ಹುಡುಗರಷ್ಟಿಲ್ಲ, ಪಾತ್ರಗಳಿಗೆ ಬರವೂ ಇಲ್ಲ: ನ್ಯಾಯಾಧೀಶ, ಹೃದಯ ತಜ್ಞ, ಪ್ರೊಫೆಸರ್, ಮೋಟೆಲ್ ಮಾಲೀಕ, ಮದುಮಗಳ ತಂದೆ. ಬ್ಯಾಂಕ್ ಕೆಲಸ ಬಿಡಬೇಡಿ, ರಜೆ ಒಟ್ಟು ಮಾಡಿಕೊಳ್ಳಿ; ಇಂದು ಕರೆದು ನಾಳಿದ್ದು ಬನ್ನಿ ಅನ್ನುವ ಕೆಲಸ ಇದು. ಒಂದು ಕ್ಯಾಮೆರಾ ನಟನೆ ತರಗತಿ ಸೇರಿ, ರಂಗದ ಮೇಲೆ ಕೊನೆಯ ಸಾಲಿಗೂ ಕೇಳಿಸುವಂತೆ ಮಾತಾಡಿದ ಅಭ್ಯಾಸ ಮೊದಲು ಬಿಡಿಸಿಕೊಳ್ಳಿ. ಫೋಟೊ ತೆಗೆಸುವಾಗ ಕೂದಲಿಗೆ ಬಣ್ಣ ಬೇಡ, ನರೆ ಇದ್ದ ಹಾಗೇ ಇರಲಿ. ಮೀಸೆ ಇದ್ದರೆ ಅದರ ಸಮೇತ ಒಂದು, ಇಲ್ಲದೆ ಒಂದು ತೆಗೆಸಿ. ಪಾತ್ರ ಸಿಕ್ಕ ಮೇಲೆ ಏಜೆಂಟರನ್ನು ಕೇಳದೆ ಮೀಸೆಗೆ ಕತ್ತರಿ ಹಾಕಬೇಡಿ. ಅವರು ಆರಿಸಿದ್ದು ಮೀಸೆ ಇರುವ ನ್ಯಾಯಾಧೀಶರನ್ನು.